ನಮ್ಮ ಬೋರಿಗೆ ಸಮುದ್ರದ ನೀರು ಬಂತಾ?

ಹುಣಸೆತೋಪು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನವನು. ಟೊಮೆಟೊ, ಹಿಪ್ಪುನೇರಳೆ ಇಟ್ಟಿದ್ದೇನೆ. ಹೋದ ವಾರ ಹೊಸ ಬೋರ್ ಹಾಕಿಸಿದೆ. ರಾಡ್ ಎಣಿಸುತ್ತಾ ರಾತ್ರಿಯೆಲ್ಲಾ ಕೂತಿದ್ದೆ. 900 ಅಡಿವರೆಗೂ ಬರೀ ಧೂಳು. 1,100ಕ್ಕೆ ಸ್ವಲ್ಪ ಪಸೆ. 72ನೇ ರಾಡ್ ಮುಗಿದು ಇನ್ನೊಂದು ಅರ್ಧ ಇಳಿಯುವಷ್ಟರಲ್ಲಿ, ಅಂದರೆ 1,450 ಅಡಿಗೆ, ಒಂದೂವರೆ ಇಂಚು ನೀರು ಚಿಮ್ಮಿತು. ಅಮ್ಮ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡರು. ಮುಖ ಹುಳ್ಳಗಾಯಿತು.

"ಇದು ಸಮುದ್ರದ ನೀರು ಕಣೋ. ರಾಮೇಶ್ವರದಲ್ಲಿ ಮುಳುಗುವಾಗ ಬಾಯಿಗೆ ಹೋಗಿತ್ತಲ್ಲ, ಅದೇ ರುಚಿ. ಅಷ್ಟು ಆಳ ತೋಡಿದರೆ ಇನ್ನೇನು ಬರುತ್ತೆ?" ಅಂದರು.

ನಾನು ನಕ್ಕುಬಿಟ್ಟೆ. ಆದರೆ ರಾತ್ರಿ ಮಲಗಿದಾಗ ತಲೆಯಲ್ಲಿ ಅದೇ. ಭೂಮಿ ಒಳಗೆ ಎಲ್ಲಾ ನೀರೂ ಒಂದಕ್ಕೊಂದು ಸೇರಿಕೊಂಡಿರುತ್ತಾ? ನಮ್ಮ ಭಾವ ಬೇರೆ, "ಇನ್ನೂ 200 ಅಡಿ ಇಳಿಸು, ಉಪ್ಪು ದಾಟಿದ ಮೇಲೆ ಸಿಹಿನೀರು ಸಿಗುತ್ತೆ" ಅಂತ ದಿನಾ ಫೋನ್ ಮಾಡುತ್ತಾರೆ. ತಿಳಿದವರು ಹೇಳಿ.

ಸುಮ್ನೆ_ಬಂದೆ

ಮೀನು ಬಂದ್ರೆ ಫೋಟೋ ಹಾಕಣ್ಣ.

ರಿಗ್‌ಗಾಡಿ

ಅಣ್ಣಾ, ರಿಗ್ ಲಾರಿ ಮೇಲೆ ನನಗೆ 11 ವರ್ಷ ಆಯ್ತು. 1,800 ಅಡಿವರೆಗೂ ಇಳಿಸಿದ್ದೇವೆ. ಸಮುದ್ರ ಎಲ್ಲೂ ಸಿಕ್ಕಿಲ್ಲ. ಸಿಕ್ಕಿದ್ದರೆ ನಮ್ಮ ಓನರ್ ಬಂದರು ಕಟ್ಟಿಸುತ್ತಿದ್ದರು.

ಧೂಳು ಯಾವ ಬಣ್ಣ ಇತ್ತು? ಬೂದು ಬಿಳಿ ಬಂದರೆ ಮಾಮೂಲಿ ಕಲ್ಲು. ಮಧ್ಯದಲ್ಲಿ ಕಪ್ಪು ಬಂದಿದ್ದರೆ ಕರಿಕಲ್ಲು. ಕರಿಕಲ್ಲು ಭೂಮಿ ಒಳಗೆ ಗೋಡೆ ಥರ ನಿಂತಿರುತ್ತೆ. ಆ ಕಡೆ ಹೊಲದಲ್ಲಿ ಮೂರು ಇಂಚು ನೀರು, ಈ ಕಡೆ ಹೊಲದಲ್ಲಿ ಬರೀ ಧೂಳು. ಎಷ್ಟೋ ಕಡೆ ಅಣ್ಣತಮ್ಮಂದಿರು ಇದಕ್ಕೇ ಮಾತು ಬಿಟ್ಟಿದ್ದಾರೆ.

ಇನ್ನು 200 ಅಡಿ ಇಳಿಸೋ ವಿಷಯ. ಅಡಿ ಲೆಕ್ಕದಲ್ಲಿ ಹೊಟ್ಟೆ ಹೊರೆಯುವವನು ನಾನು, ಆದರೂ ಹೇಳುತ್ತೇನೆ, ಬೇಡ. ಕೆಳಗೆ ಹೋದ ಹಾಗೆ ನೀರು ಸಿಹಿಯಾಗಿದ್ದು ನಾನು ಕಂಡಿಲ್ಲ.

ಕಲ್ಲುಮಂಟಪ

ಹುಣಸೆತೋಪು ಅವರೇ, ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ಊರು ಕೋಲಾರದ ಹತ್ತಿರ. ಮೊದಲು ಒಂದು ಲೆಕ್ಕ ಮಾಡೋಣ.

ಚಿಂತಾಮಣಿ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅಡಿಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 2,800. ನಿಮ್ಮ ಬೋರ್ 1,450 ಅಡಿ. ಅಂದರೆ ನಿಮ್ಮ ಬೋರಿನ ತಳ ಇನ್ನೂ ಸಮುದ್ರಕ್ಕಿಂತ 1,350 ಅಡಿ ಮೇಲೇ ಇದೆ! ಸಮುದ್ರ ಮಟ್ಟ ಮುಟ್ಟೋಕೆ ನೀವು ಇಷ್ಟೇ ಆಳದ ಇನ್ನೊಂದು ಬೋರನ್ನು ಇದರ ಕೆಳಗೆ ಹಾಕಿಸಬೇಕು. ಮುಟ್ಟಿದರೂ ಸಮುದ್ರದ ನೀರು ಬರಲ್ಲ. ಚೆನ್ನೈ ಕಡಲು ನಿಮ್ಮಿಂದ 200 ಕಿಲೋಮೀಟರ್‌ಗೂ ದೂರ, ನಡುವೆ ಇರುವುದೆಲ್ಲ ಗಟ್ಟಿ ಬಂಡೆ. ನಮ್ಮ ಕಡೆ ನೆಲದಡಿ ನೀರು ಕೆರೆಯ ಥರ ನಿಂತಿರಲ್ಲ. ಬಂಡೆಯ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಅದಕ್ಕೇ ರಿಗ್‌ನವರು ಗ್ಯಾಪ್ ಸಿಕ್ತು ಅನ್ನುತ್ತಾರೆ.

ಹಾಗಾದರೆ ಉಪ್ಪು ಎಲ್ಲಿಂದ? ಕಲ್ಲಿನಿಂದಲೇ. ಮಳೆನೀರು ಇಳಿಯುತ್ತಾ ಇಳಿಯುತ್ತಾ ಕಲ್ಲನ್ನು ಒಂದಿಷ್ಟೊಂದಿಷ್ಟೇ ಕರಗಿಸಿಕೊಳ್ಳುತ್ತದೆ. ಮೇಲಿನ ನೀರು ಬೇಗ ಬದಲಾಗುತ್ತೆ, ಪ್ರತಿ ಮಳೆಗೂ ಹೊಸದು. 1,450 ಅಡಿಯ ನೀರು ಅಲ್ಲೇ ಕೂತು ಎಷ್ಟೋ ಕಾಲ ಆಗಿರುತ್ತೆ. ಟೀಪುಡಿಯನ್ನು ಜಾಸ್ತಿ ಹೊತ್ತು ಕುದಿಸಿದರೆ ಡಿಕಾಕ್ಷನ್ ಕಡುವಾಗುತ್ತಲ್ಲ, ಹಾಗೆ. ಇಳಿದಷ್ಟೂ ಹಳೇ ನೀರು, ಹಳೆಯದಾದಷ್ಟೂ ಕಡು. ನಿಮ್ಮ ಭಾವನ ಲೆಕ್ಕ ತಲೆಕೆಳಗು.

ಅಮ್ಮನವರಿಗೆ ಹೇಳಿ: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ನಿಮ್ಮ ನೀರನ್ನು ಟೆಸ್ಟ್ ಮಾಡಿಸಿ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರೋ ಒಟ್ಟು ಲವಣ, ಎಷ್ಟಿದೆ ನೋಡಿ. ಜೊತೆಗೆ ಫ್ಲೋರೈಡ್ ಕೂಡ. ಅದನ್ನು ಮಾತ್ರ ಮರೆಯಬೇಡಿ.

ಹುಣಸೆತೋಪು

ಮೇಡಂ, 1,350 ಅಡಿ ಮೇಲೇನಾ! ಇದನ್ನು ಊಟಕ್ಕೆ ಕೂತಾಗ ಹೇಳಿದೆ. ಭಾವ ಫೋನ್‌ನಲ್ಲಿ ಎರಡು ನಿಮಿಷ ಮಾತೇ ಆಡಲಿಲ್ಲ. ಧೂಳು ಬೂದು ಬಣ್ಣ, ಕೊನೆಯಲ್ಲಿ ಸ್ವಲ್ಪ ಗುಲಾಬಿ. ನೀರು ನಾಳೆ ಲ್ಯಾಬಿಗೆ ಕೊಡುತ್ತೇನೆ.

ಅಮ್ಮನ ಮರುಪ್ರಶ್ನೆ: "ಸರಿ, ಬೋರ್ ಉಪ್ಪು ಕಲ್ಲಿಂದ ಬಂತು. ಸಮುದ್ರಕ್ಕೆ ಅಷ್ಟೊಂದು ಉಪ್ಪು ಯಾರು ಹಾಕಿದರು?"

ತಿಪಟೂರು_ಕೊಬ್ಬರಿ

ಒಳ್ಳೇ ಪ್ರಶ್ನೆ. ನನಗೂ ಚಿಕ್ಕಂದಿನಿಂದ ಇದೆ. ನದಿ ನೀರು ಸಿಹಿ, ಮಳೆ ನೀರು ಸಿಹಿ, ಎರಡೂ ಸೇರಿದ ಸಮುದ್ರ ಮಾತ್ರ ಯಾಕೆ ಉಪ್ಪು?

ಕಲ್ಲುಮಂಟಪ

ನದಿ ನೀರು ಪೂರ್ತಿ ಸಿಹಿ ಅಲ್ಲ. ಅದರಲ್ಲೂ ಕಲ್ಲಿನಿಂದ ಕರಗಿದ ಲವಣ ಇರುತ್ತೆ. ನಾಲಿಗೆಗೆ ಗೊತ್ತಾಗದಷ್ಟು ಕಮ್ಮಿ, ಅಷ್ಟೇ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ನಮ್ಮ ಕಡೆಯ ಪಾಲಾರ್, ಮೂರೂ ಹೋಗಿ ಬಂಗಾಳಕೊಲ್ಲಿ ಸೇರುತ್ತವೆ. ಹೋಗುವಾಗ ಬರಿಗೈಲಿ ಹೋಗಲ್ಲ.

ಈಗ ನಿಮ್ಮೂರ ಕೆರೆ ನೆನಪು ಮಾಡಿಕೊಳ್ಳಿ. ಕೆರೆ ತುಂಬಿದರೆ ಕೋಡಿ ಬೀಳುತ್ತೆ. ನೀರಿನ ಜೊತೆ ಉಪ್ಪೂ ಆಚೆ ಹೋಗುತ್ತೆ. ಅದಕ್ಕೇ ಕೆರೆ ಸಿಹಿ ಉಳಿಯುತ್ತೆ. ಸಮುದ್ರಕ್ಕೆ ಕೋಡಿ ಇಲ್ಲ. ಅಲ್ಲಿಂದ ನೀರು ಹೊರಗೆ ಹೋಗುವ ದಾರಿ ಒಂದೇ, ಬಿಸಿಲಿಗೆ ಆವಿಯಾಗಿ ಮೇಲೆ. ಆವಿ ಉಪ್ಪನ್ನು ಹೊತ್ತುಕೊಂಡು ಹೋಗಲ್ಲ. ಕೋಟ್ಯಂತರ ವರ್ಷ ಇದೇ ಕೆಲಸ. ಸಮುದ್ರದ ತಳದ ಬಿಸಿನೀರಿನ ಊಟೆಗಳು, ಜ್ವಾಲಾಮುಖಿಗಳು ಕೂಡ ತಮ್ಮ ಪಾಲು ಸೇರಿಸಿವೆ.

ಹಾಗಂತ ಉಪ್ಪು ಏರುತ್ತಲೇ ಹೋಗುವುದಿಲ್ಲ. ಚಿಪ್ಪಿನ ಪ್ರಾಣಿಗಳು ಸುಣ್ಣದ ಅಂಶವನ್ನು ಎಳೆದುಕೊಂಡು ಚಿಪ್ಪು ಕಟ್ಟಿಕೊಳ್ಳುತ್ತವೆ. ಇನ್ನಷ್ಟು ತಳದಲ್ಲಿ ಕೂರುತ್ತದೆ. ಬಂದಷ್ಟು ಹೋಗುತ್ತಾ ಹೆಚ್ಚೂಕಮ್ಮಿ ಒಂದೇ ಮಟ್ಟದಲ್ಲಿ ನಿಂತಿದೆ.

ಹುಣಸೆತೋಪು

ಅಮ್ಮನಿಗೆ ಓದಿ ಹೇಳಿದೆ. ರಾಗಿ ಕೇರುತ್ತಾ ಕೇಳಿಸಿಕೊಂಡರು. "ಹಾಗಾದ್ರೆ ರಾಮೇಶ್ವರದಲ್ಲಿ ನನ್ನ ಬಾಯಿಗೆ ಹೋಗಿದ್ದು ನಮ್ಮೂರ ಉಪ್ಪೇ. ರುಚಿ ಒಂದೇ ಅಂದಿದ್ದು ತಪ್ಪೇನು?" ಅಂದರು. ಮೇಡಂ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಲ್ಲುಮಂಟಪ

ನನ್ನ ಹತ್ತಿರವೂ ಇಲ್ಲ. ಅವರನ್ನು ನಮ್ಮ ಕ್ಲಾಸಿಗೆ ಕಳಿಸಿ.

ಸುಮ್ನೆ_ಬಂದೆ

ಬೋರ್ ಅಂದ್ರೆ ನೆನಪಾಯ್ತು. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ವಿಡಿಯೋ ಬಂದಿತ್ತು. ಕೋಲಾರದಲ್ಲಿ 12 ಕಿಲೋಮೀಟರ್ ಆಳ ಕೊರೆದರಂತೆ, ಕೆಳಗಿನಿಂದ ಜನ ಕಿರುಚುವ ಶಬ್ದ ಬಂತಂತೆ, ಹೆದರಿ ಮುಚ್ಚಿದರಂತೆ. ಇದು ನಿಜಾನಾ? ನಮ್ಮ ಚಿಕ್ಕಪ್ಪ ಹತ್ತು ಜನಕ್ಕೆ ಕಳಿಸಿಬಿಟ್ಟಿದ್ದಾರೆ.

ಲೈನ್‌ಮನೆ_ಹುಡುಗ

ಅಯ್ಯೋ, ಇದು ಮತ್ತೆ ಬಂತಾ! ಅದು ಕೋಲಾರ ಅಲ್ಲ ಗುರು, ಕೋಲಾ. ರಷ್ಯಾದ ಉತ್ತರದ ತುದಿಯಲ್ಲಿ ನಾರ್ವೆ ಗಡಿ ಹತ್ತಿರ ಕೋಲಾ ಅಂತ ಒಂದು ಪರ್ಯಾಯ ದ್ವೀಪ ಇದೆ. ಯಾರೋ ಒಂದು "ರ" ಸೇರಿಸಿ ನಮ್ಮ ತಲೆಗೆ ಕಟ್ಟಿದ್ದಾರೆ.

ಅಲ್ಲಿ 1970ರಲ್ಲಿ ಕೊರೆಯೋಕೆ ಶುರು ಮಾಡಿದರು. 1989ರಲ್ಲಿ 12,262 ಮೀಟರ್ ಮುಟ್ಟಿದರು. ತೂತಿನ ಅಗಲ ಎಷ್ಟು ಗೊತ್ತಾ? ಬರೀ 23 ಸೆಂಟಿಮೀಟರ್. ನಿಲ್ಲಿಸಿದ್ದು ಶಬ್ದಕ್ಕೆ ಹೆದರಿ ಅಲ್ಲ, ಬಿಸಿಗೆ. 100 ಡಿಗ್ರಿ ಇರಬಹುದು ಅಂದುಕೊಂಡಿದ್ದರು, 180 ಇತ್ತು. ಕಲ್ಲು ಮೆತ್ತಗಾಗಿ ಕೊರೆದ ತೂತು ಮುಚ್ಚಿಕೊಳ್ಳುತ್ತಿತ್ತು. ಕಿರುಚಾಟ ಯಾರೋ ಸೇರಿಸಿದ ಸೌಂಡ್.

ನಮ್ಮದು ಕೆಜಿಎಫ್. ಅದು ಬೇರೆ ಕಥೆ. ಇಲ್ಲಿ ಮನುಷ್ಯರೇ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ನಮ್ಮ ತಾತ, ನಮ್ಮ ತಂದೆ ಇಬ್ಬರೂ ಇಳಿದವರೇ. ಮೇಡಂ ಹೇಳಿದ ಲೆಕ್ಕ ಹಾಕಿದರೆ, ಹುಣಸೆತೋಪು ಅಣ್ಣನ ಬೋರ್ ಸಮುದ್ರ ಮಟ್ಟ ಮುಟ್ಟಲಿಲ್ಲ, ಆದರೆ ನಮ್ಮ ತಂದೆ ದಿನಾ ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರ್ ಕೆಳಗೆ ಹೋಗಿ ಬುತ್ತಿ ಬಿಚ್ಚುತ್ತಿದ್ದರು.

ತಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ಊದಬೇಕಿತ್ತು. ತಂದೆ ಮನೆಗೆ ಬಂದು ಬನಿಯನ್ ಹಿಂಡಿದರೆ ನೀರು ಸುರಿಯುತ್ತಿತ್ತು. ಒಣಗಿದ ಮೇಲೆ ಅದರ ಬೆನ್ನ ಮೇಲೆ ಬಿಳೀ ಉಪ್ಪಿನ ಗೆರೆಗಳು. ಉಪ್ಪಿನ ಮಾತು ಬಂತಲ್ಲ, ನೆನಪಾಯಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಮಾವಿನತೋಪು

ತಮ್ಮಾ, ಓದುತ್ತಾ ಗಂಟಲು ಕಟ್ಟಿತು. ಒಂದು ಅನುಮಾನ. ನಂದಿಬೆಟ್ಟ ಹತ್ತಿದರೆ ತಣ್ಣಗೆ, ಗಣಿ ಇಳಿದರೆ ಬಿಸಿ. ಬೆಟ್ಟ ಸೂರ್ಯನಿಗೆ ಹತ್ತಿರ ಅಲ್ವಾ? ಅದು ಬಿಸಿ ಇರಬೇಕು ತಾನೇ?

ಕಲ್ಲುಮಂಟಪ

ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ ಅಕ್ಕ. ನಂದಿಬೆಟ್ಟ 1,478 ಮೀಟರ್. ಆ ದೂರದ ಮುಂದೆ ಬೆಟ್ಟ ಹತ್ತಿದ್ದಕ್ಕೆ ಲೆಕ್ಕವೇ ಇಲ್ಲ.

ಬಿಸಿಲು ಗಾಳಿಯನ್ನು ನೇರವಾಗಿ ಅಷ್ಟು ಕಾಯಿಸುವುದಿಲ್ಲ. ನೆಲ ಕಾಯುತ್ತೆ, ನೆಲದಿಂದ ಗಾಳಿ ಕಾಯುತ್ತೆ. ಕಾದ ಗಾಳಿ ಮೇಲೇರಿದಾಗ ಅಲ್ಲಿ ಒತ್ತಡ ಕಮ್ಮಿ, ಹಿಗ್ಗುತ್ತೆ, ಹಿಗ್ಗಿದಾಗ ತಣ್ಣಗಾಗುತ್ತೆ. ಸರಾಸರಿ ಒಂದು ಕಿಲೋಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತೆ. ಚಿಕ್ಕಬಳ್ಳಾಪುರ ಪೇಟೆಗಿಂತ ಬೆಟ್ಟದ ತುದಿ 550 ಮೀಟರ್ ಚಿಲ್ಲರೆ ಎತ್ತರ. ಅಂದರೆ ಮೂರೂವರೆ ಡಿಗ್ರಿ ವ್ಯತ್ಯಾಸ. ಜೊತೆಗೆ ಗಾಳಿ ಬೀಸುತ್ತೆ, ಅದಕ್ಕೇ ಇನ್ನೂ ಜಾಸ್ತಿ ಚಳಿ ಅನ್ನಿಸುತ್ತೆ.

ಗಣಿಯ ಬಿಸಿಗೆ ಸೂರ್ಯನ ಸಂಬಂಧವೇ ಇಲ್ಲ. ಅದು ಭೂಮಿಯ ಒಡಲ ಬಿಸಿ. ಭೂಮಿ ಹುಟ್ಟಿದಾಗಿನ ಬಿಸಿ ಇನ್ನೂ ಆರಿಲ್ಲ. ಸಾಲದ್ದಕ್ಕೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಒಳಗೆ ನಿಧಾನವಾಗಿ ಸಿಡಿಯುತ್ತಾ ಬಿಸಿ ಹುಟ್ಟಿಸುತ್ತಲೇ ಇವೆ.

ಕೋಲಾ ಬಾವಿಯ 12 ಕಿಲೋಮೀಟರ್ ದೊಡ್ಡದು ಅನ್ನಿಸುತ್ತೆ, ಅಲ್ವಾ? ಭೂಮಿಯ ನಡುವಿಗೆ 6,371 ಕಿಲೋಮೀಟರ್. ಭೂಮಿಯನ್ನು ಒಂದು ರಾಗಿಮುದ್ದೆ ಅಂದುಕೊಳ್ಳಿ. ಮುದ್ದೆ ಕಟ್ಟುವಾಗ ಕೈಗೆ ನೀರು ಹಚ್ಚಿಕೊಳ್ಳುತ್ತೇವಲ್ಲ, ಆ ನೀರಿನ ಪಸೆ ಮುದ್ದೆ ಮೇಲೆ ಎಷ್ಟು ದಪ್ಪ ಇರುತ್ತೋ, ಮನುಷ್ಯ ಇಲ್ಲಿವರೆಗೆ ಕೊರೆದಿದ್ದು ಅಷ್ಟೇ.

ಪಾವಗಡ_ಬಿಸಿಲು

ಮುದ್ದೆ ಉದಾಹರಣೆ ಕೊಟ್ಟು ಮಧ್ಯರಾತ್ರಿ ಹಸಿವು ಮಾಡಿಸಿದಿರಿ ಮೇಡಂ.

ರಿಗ್‌ಗಾಡಿ

ಮೇಡಂ, ಬೋರ್ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಬರೋದು ಯಾಕೆ? ಒಳಗೆ ಹಂಗೇನಾದ್ರೂ ಉಲ್ಟಾ ನಡೆಯುತ್ತಾ?

ಕಲ್ಲುಮಂಟಪ

ಒಳಗೆ ಏನೂ ಬದಲಾಗಲ್ಲ. ಹತ್ತಿಪ್ಪತ್ತು ಮೀಟರ್ ಕೆಳಗೆ ವರ್ಷವಿಡೀ ಒಂದೇ ಬಿಸಿ. ಬದಲಾಗೋದು ನಿಮ್ಮ ಕೈ.

ಲೈನ್‌ಮನೆ_ಹುಡುಗ

ಇನ್ನೊಂದು ಹೇಳೋದು ಮರೆತೆ. ಗಣಿಯಲ್ಲಿ ಕಲ್ಲು ಸಿಡಿಯೋದಕ್ಕೆ ಹಳಬರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಮೇಲಿನ ಭಾರಕ್ಕೆ ಕಲ್ಲು ತಡೆಯಲಾರದೆ ಪಟ್ಟನೆ ಒಡೆಯೋದು. ರಾತ್ರಿ ಹೊತ್ತು ಲೈನ್ ಮನೆಯಲ್ಲಿ ಮಲಗಿದ್ದರೆ ಢಬ್ ಅಂತ ಸದ್ದು, ಅಟ್ಟದ ಮೇಲಿನ ಪಾತ್ರೆ ಗಲಗಲ. ಅಜ್ಜಿ ಎದ್ದು ದೀಪ ಹಚ್ಚಿ, ಇವತ್ತು ರಾತ್ರಿ ಪಾಳಿ ಯಾರದ್ದು ಅಂತ ಕೇಳುತ್ತಿದ್ದರು. ಗಣಿ ಮುಚ್ಚಿ ನೀರು ತುಂಬಿಕೊಂಡ ಮೇಲೂ ಆಗಾಗ ಆ ಸದ್ದು ಬಂದಿದೆ.

ಮಾವಿನತೋಪು

ಚಿಕ್ಕಬಳ್ಳಾಪುರದಲ್ಲೂ ಹಾಗೇ ಆಗಿತ್ತಲ್ಲ? ನಮ್ಮ ಅತ್ತೆ ಮನೆ ಅಲ್ಲೇ. ಕೆರೆಗಳೆಲ್ಲಾ ಕೋಡಿ ಬಿದ್ದ ವರ್ಷ. ಕ್ವಾರಿಯವರು ಬಂಡೆ ಸಿಡಿಸಿದರು ಅಂತ ಎಲ್ಲಾ ಬೈದುಕೊಂಡರು. ಆಮೇಲೆ ನೋಡಿದರೆ ಭೂಕಂಪ.

ಕಲ್ಲುಮಂಟಪ

ಹೌದು, 2021. ಆ ನವೆಂಬರ್‌ನಲ್ಲಿ ಹುಯ್ದ ಮಳೆ ನಮ್ಮ ಎರಡೂ ಜಿಲ್ಲೆಯ ಜನ ಮರೆಯಲ್ಲ. ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಎರಡು ಸಲ ನಡುಗಿತು. ಒಂದು 2.9, ಇನ್ನೊಂದು 3.0. ಜನ ತಟ್ಟೆ ಲೋಟ ಬಿಟ್ಟು ಬೀದಿಗೆ ಓಡಿ ಬಂದರು.

ಮಳೆಗೂ ಭೂಕಂಪಕ್ಕೂ ಏನು ಸಂಬಂಧ ಅನ್ನಬಹುದು. ವರ್ಷಗಟ್ಟಲೆ ಒಣಗಿದ್ದ ಬಿರುಕುಗಳಿಗೆ ಒಮ್ಮೆಲೇ ನೀರು ಇಳಿದರೆ ಒಳಗೆ ಒತ್ತಡ ಏರುತ್ತೆ. ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದ ಬಂಡೆಗಳು ಸ್ವಲ್ಪ ಜಾರುತ್ತವೆ. ಆಗ ಭೂವಿಜ್ಞಾನಿಗಳು ಕೊಟ್ಟ ಕಾರಣವೂ ಇದೇ. ಆಳ ಕಮ್ಮಿ ಇದ್ದಾಗ ನಡುಕದ ಜೊತೆ ಢಮ್ ಅನ್ನೋ ಸದ್ದೂ ಕೇಳುತ್ತೆ, ಅದಕ್ಕೇ ಕ್ವಾರಿ ಮೇಲೆ ಅನುಮಾನ ಬಂದದ್ದು. ಕೆಜಿಎಫ್ ಹುಡುಗ ಹೇಳಿದ, ನೀರು ತುಂಬಿದ ಗಣಿಯ ಸದ್ದಿಗೂ ಸರಿಸುಮಾರು ಇದೇ ಕಾರಣ.

3ಕ್ಕೆ ಹೆದರಬೇಕಿಲ್ಲ. 1993ರ ಲಾತೂರು ಭೂಕಂಪ 6 ದಾಟಿತ್ತು. 3ರ ಎರಡರಷ್ಟು ತಾನೇ ಅನ್ನಬೇಡಿ. ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. ಮೂರು ಅಂಕಿ ಏರಿದರೆ 32 ಸಲ 32 ಸಲ 32. ನೀವೇ ಗುಣಿಸಿ.

ಪಾವಗಡ_ಬಿಸಿಲು

32,768. ಮೊಬೈಲ್‌ನಲ್ಲಿ ಗುಣಿಸಿದೆ.

ತಿಪಟೂರು_ಕೊಬ್ಬರಿ

ಗೌರಿಬಿದನೂರಿನಲ್ಲಿ ಭೂಕಂಪ ಅಳೆಯುವ ಕೇಂದ್ರ ಇದೆ ಅಂತ ಕೇಳಿದ್ದೆ. ನಮ್ಮ ಕಡೆ ಭೂಕಂಪವೇ ಕಮ್ಮಿ, ಅಲ್ಲಿ ಯಾಕಪ್ಪಾ ಇಟ್ಟರು?

ಕಲ್ಲುಮಂಟಪ

ಕಮ್ಮಿ ಇರೋದಕ್ಕೇ ಇಟ್ಟಿದ್ದು! ಸಂತೆಯಲ್ಲಿ ನಿಂತು ದೂರದವರ ಪಿಸುಮಾತು ಕೇಳೋಕೆ ಆಗುತ್ತಾ? ನಮ್ಮ ಕಡೆಯ ಬಂಡೆ ಹಳೆಯದು, ಗಟ್ಟಿ, ತನ್ನಷ್ಟಕ್ಕೆ ತಾನು ಸುಮ್ಮನಿರುತ್ತೆ. 1965ರಲ್ಲಿ ಶುರುವಾಯಿತು, ಭಾಭಾ ಅಣು ಸಂಶೋಧನಾ ಕೇಂದ್ರದ್ದು. 20 ಕಂಪನ ಮಾಪಕಗಳನ್ನು ಎರಡು ಸಾಲಾಗಿ ಮೂಲೆಮಟ್ಟದ ಆಕಾರದಲ್ಲಿ ಹೂಡಿದ್ದಾರೆ. ಬೇರೆ ದೇಶದವರು ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ಅದುರು ಗೌರಿಬಿದನೂರಿಗೆ ಮುಟ್ಟುತ್ತೆ.

ತಿಪಟೂರು_ಕೊಬ್ಬರಿ

ಹಳೇ ಬಂಡೆ ಅಂದರೆ ಎಷ್ಟು ಹಳೆಯದು? ಮಧುಗಿರಿ ಬೆಟ್ಟ ಹತ್ತಿದಾಗ ಗೈಡ್ ಒಬ್ಬ ಐದು ಸಾವಿರ ವರ್ಷ ಅಂದಿದ್ದ.

ಕಲ್ಲುಮಂಟಪ

ಐದು ಸಾವಿರ! ಪಾಪ, ಸೊನ್ನೆ ಉಳಿಸಿದ್ದಾನೆ. ಮಧುಗಿರಿ, ರಾಮನಗರದ ಬೆಟ್ಟಗಳು ಒಂದೇ ಸಾಲಿನ ಗ್ರಾನೈಟ್. ಸುಮಾರು 250 ಕೋಟಿ ವರ್ಷ. ಅದರ ಸುತ್ತ ಇರುವ ನಮ್ಮ ಮಾಮೂಲಿ ಪಟ್ಟೆಪಟ್ಟೆ ಬಂಡೆ ಸುಮಾರು 300 ಕೋಟಿ ವರ್ಷದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ. ಭೂಮಿಯ ವಯಸ್ಸು 454 ಕೋಟಿ. ನಿಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲು ಡೈನೋಸಾರ್‌ಗಿಂತ ಹತ್ತು ಪಟ್ಟು ಹಳೆಯದು.

ಈ ಗುಂಡುಕಲ್ಲುಗಳು ಉರುಳಿ ಉರುಳಿ ದುಂಡಗಾದವು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಇಲ್ಲ. ಇದ್ದಲ್ಲೇ ದುಂಡಗಾದವು. ಬಂಡೆ ಚೌಕ ಚೌಕವಾಗಿ ಬಿರುಕು ಬಿಡುತ್ತೆ. ನೀರು ಮೂರು ಕಡೆಯಿಂದ ಮೂಲೆಯನ್ನು ತಿನ್ನುತ್ತೆ, ಹಾಗಾಗಿ ಮೂಲೆ ಮೊದಲು ಸವೆಯುತ್ತೆ. ಈರುಳ್ಳಿ ಸಿಪ್ಪೆ ಥರ ಪದರ ಪದರ ಬಿಡುತ್ತೆ. ಅಂತರಗಂಗೆ ಬೆಟ್ಟದಲ್ಲಿ ಕೈ ಇಟ್ಟು ನೋಡಿ, ಸಿಪ್ಪೆ ಎದ್ದಿರುತ್ತೆ.

ಈಗ ಅಮ್ಮನವರಿಗೆ ಒಂದು ವಿಷಯ. ಹುಣಸೆತೋಪು ಅವರೇ, ಗಟ್ಟಿಯಾಗಿ ಓದಿ. ಕೆಜಿಎಫ್‌ನಲ್ಲಿ ಚಿನ್ನ ಇದ್ದ ಕಪ್ಪು ಕಲ್ಲಿನ ಪಟ್ಟಿ ಇದೆಯಲ್ಲ, ಅದು ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಹರಿದ ಲಾವಾ. ಅಂದರೆ ಇಲ್ಲಿ ಸಮುದ್ರ ಇತ್ತು. ಅಮ್ಮ ಹೇಳಿದ್ದು ಸರಿ, 270 ಕೋಟಿ ವರ್ಷ ತಡವಾಯಿತು.

ತಿಪಟೂರು_ಕೊಬ್ಬರಿ

ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಅಂಥದ್ದನ್ನು ನೋಡಿದ್ದೇನೆ. ದಿಂಬು ಪೇರಿಸಿಟ್ಟ ಹಾಗೆ ಕಲ್ಲು. ನೀರಿನೊಳಗೆ ಲಾವಾ ಉಕ್ಕಿದರೆ ಹೊರಗಡೆ ತಕ್ಷಣ ಗಟ್ಟಿಯಾಗಿ ಹಾಗೆ ದಿಂಬಾಗುತ್ತಂತೆ. ಬೋರ್ಡ್ ಓದದೆ ಇದ್ದಿದ್ದರೆ ಅದರ ಮೇಲೆ ಕೂತು ಬುತ್ತಿ ತಿಂದು ಬರುತ್ತಿದ್ದೆ.

ಪಾವಗಡ_ಬಿಸಿಲು

ಕಲ್ಲು ಸಾಕು, ಮಳೆ ವಿಷಯಕ್ಕೆ ಬನ್ನಿ. ಜೂನ್ ಬಂದರೆ ಟಿವಿಯಲ್ಲಿ ಮಂಗಳೂರು ಮುಳುಗಿತು, ಕೊಡಗು ಕುಸಿಯಿತು ಅಂತಾರೆ. ನಮ್ಮ ಪಾವಗಡದಲ್ಲಿ ಮೋಡ ಓಡುತ್ತೆ, ಗಾಳಿ ಹೊಡೆಯುತ್ತೆ, ಹನಿ ಬೀಳಲ್ಲ. ಆಷಾಢದಲ್ಲಿ ಗಾಳಿಪಟ ಹಾರಿಸೋಕಷ್ಟೇ ಲಾಯಕ್ಕು. ನಾವೇನು ಪಾಪ ಮಾಡಿದ್ದೆವು?

ಕಲ್ಲುಮಂಟಪ

ಪಾಪ ಏನಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದೀವಿ, ಅಷ್ಟೇ. ಅರಬ್ಬಿ ಸಮುದ್ರದಿಂದ ಬರೋ ಗಾಳಿ ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಣ್ಣಗಾಗಿ, ಅಲ್ಲೇ ಮಳೆ ಸುರಿಸಿಬಿಡುತ್ತೆ. ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಗಾಳಿ ಮತ್ತೆ ಬಿಸಿಯಾಗಿ ಒಣಗಿರುತ್ತೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು. ಕೋಲಾರಕ್ಕೆ 700 ಚಿಲ್ಲರೆ. ಪಾವಗಡಕ್ಕೆ ಇನ್ನೂ ಕಮ್ಮಿ.

ನಮ್ಮ ಪಾಲಿಗೆ ಒಳ್ಳೇ ಮಳೆ ಸೆಪ್ಟೆಂಬರ್, ಅಕ್ಟೋಬರ್. ಆಮೇಲೆ ಗಾಳಿ ದಿಕ್ಕು ತಿರುಗಿ ಬಂಗಾಳಕೊಲ್ಲಿ ಕಡೆಯಿಂದ ಬೀಸುತ್ತೆ. ಚೆನ್ನೈನಲ್ಲಿ ಚಂಡಮಾರುತ ಅಂತ ಸುದ್ದಿ ಬಂದರೆ ಮುಳಬಾಗಿಲಿನವರು ಸ್ವೆಟರ್ ತೆಗೆಯೋದು ಅದಕ್ಕೇ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಹತ್ತಿರ ದಡ ಹತ್ತಿತು, ನಮಗೆ ಇಲ್ಲಿ ಸೋನೆ ಹಿಡಿಯಿತು. ಚಂಡಮಾರುತ ಹುಟ್ಟಬೇಕಾದರೆ ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು. ಆವಿಯೇ ಅದರ ಊಟ. ನೆಲ ಹತ್ತಿದರೆ ಊಟ ನಿಂತುಹೋಗುತ್ತೆ, ಸೊರಗುತ್ತೆ. ನಮ್ಮ ಹತ್ತಿರ ಬರುವಷ್ಟರಲ್ಲಿ ಬರೀ ಜಿಟಿಜಿಟಿ.

ಮಾವಿನತೋಪು

ನಮ್ಮ ಮಾವನವರು ಟಿವಿ ನಂಬಲ್ಲ. ಭರಣಿ ಸುರಿದರೆ ಧರಣಿ ಬದುಕೀತು ಅಂತಾರೆ. ಪಂಚಾಂಗದ ಮಳೆ ನಕ್ಷತ್ರ ಸುಳ್ಳಾ, ನಿಜಾನಾ?

ತಿಪಟೂರು_ಕೊಬ್ಬರಿ

ಇದಕ್ಕೆ ನಾನು ಹೇಳುತ್ತೇನೆ, ಇದರ ಲೆಕ್ಕ ನನಗೆ ಇಷ್ಟ. ಮಳೆ ನಕ್ಷತ್ರ ಚಂದ್ರನದ್ದಲ್ಲ, ಸೂರ್ಯನದ್ದು. ವರ್ಷವನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಅದಕ್ಕೇ ಭರಣಿ ಪ್ರತಿವರ್ಷ ಏಪ್ರಿಲ್ 27ರ ಆಸುಪಾಸಿಗೇ ಶುರುವಾಗುತ್ತೆ, ಆರಿದ್ರ ಜೂನ್ 22ಕ್ಕೆ. ತಾರೀಕು ಬದಲಾಗಲ್ಲ. ಅಂದರೆ ಅದು ಈ ವರ್ಷ ಮಳೆ ಬರುತ್ತೆ ಅಂತ ಹೇಳೋ ಭವಿಷ್ಯ ಅಲ್ಲ. ಯಾವ ಹದಿನಾಲ್ಕು ದಿನದಲ್ಲಿ ಮಳೆ ಬಂದರೆ ಯಾವ ಬೆಳೆಗೆ ಒಳ್ಳೆಯದು ಅಂತ ಹಿರಿಯರು ಬರೆದಿಟ್ಟ ಡೈರಿ. ನಮ್ಮಪ್ಪ ರಾಗಿ ಬಿತ್ತನೆಗೆ ಇವತ್ತಿಗೂ ಅದನ್ನೇ ನೋಡೋದು. ನಾನು ಮೊಬೈಲ್ ನೋಡಿ ಬಿತ್ತಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

ಪಾವಗಡ_ಬಿಸಿಲು

2023ರಲ್ಲಿ ನಿಮ್ಮ ಡೈರಿ ಏನು ಮಾಡಿತು ಅಣ್ಣಾ? ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತು.

ತಿಪಟೂರು_ಕೊಬ್ಬರಿ

ಅದಕ್ಕೇ ಹೇಳಿದ್ದು, ಡೈರಿ ಬೇರೆ, ಭವಿಷ್ಯ ಬೇರೆ.

ಕಲ್ಲುಮಂಟಪ

ಅದು ಎಲ್ ನಿನೋ ವರ್ಷ. ಪೆಸಿಫಿಕ್ ಸಾಗರದ ನಡುಭಾಗ ಮತ್ತು ಪೂರ್ವಭಾಗ ಮಾಮೂಲಿಗಿಂತ ಬೆಚ್ಚಗಾದರೆ ಗಾಳಿಯ ಓಡಾಟವೇ ಅಡ್ಡಾದಿಡ್ಡಿ ಆಗುತ್ತೆ. ಹೆಸರಿಟ್ಟವರು ಪೆರು ದೇಶದ ಮೀನುಗಾರರು, ಕ್ರಿಸ್‌ಮಸ್ ಹೊತ್ತಿಗೆ ಬರುತ್ತಿತ್ತು ಅಂತ ಬಾಲಯೇಸುವಿನ ಹೆಸರು. ಆದರೆ ಎಲ್ ನಿನೋ ಬಂದರೆ ಬರ ಗ್ಯಾರಂಟಿ ಅಂತಲೂ ಇಲ್ಲ. 1997ರದ್ದು ಭಾರೀ ಎಲ್ ನಿನೋ, ಆದರೂ ದೇಶದಲ್ಲಿ ಮುಂಗಾರು ಸಾಧಾರಣವಾಗಿಯೇ ಆಯಿತು. ಆ ವರ್ಷ ಹಿಂದೂ ಮಹಾಸಾಗರ ನಮ್ಮ ಪರ ನಿಂತಿತ್ತು.

ಮಾವಿನತೋಪು

ಕೊನೇ ಪ್ರಶ್ನೆ. ಆಲಿಕಲ್ಲು. ಶ್ರೀನಿವಾಸಪುರದಲ್ಲಿ ಕಾಯಿ ಬಲಿಯೋ ಹೊತ್ತಿಗೇ ಬೀಳುತ್ತೆ ಹಾಳಾದ್ದು. ಹೋದ ಸಲ ಬಾದಾಮಿ ಮಾವಿನಕಾಯಿ ಮೇಲೆ ಒಂದೊಂದಕ್ಕೂ ಕಪ್ಪು ಚುಕ್ಕೆ. ಮಂಡಿಯವನು ಕಾಯಿ ತಿರುಗಿಸಿ ತಿರುಗಿಸಿ ನೋಡಿ ಅರ್ಧ ರೇಟು ಹೇಳಿದ. ಚಳಿಗಾಲದಲ್ಲಿ ಬೀಳದ ಐಸು ಸುಡು ಬೇಸಿಗೆಯಲ್ಲಿ ಯಾಕೆ?

ಕಲ್ಲುಮಂಟಪ

ಬೇಸಿಗೆಯ ಬಿಸಿಯೇ ಕಾರಣ ಅಕ್ಕ. ನೆಲ ಕಾದಷ್ಟೂ ಗಾಳಿ ಜೋರಾಗಿ ಮೇಲೇರುತ್ತೆ. ಮೋಡ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರ ಕಟ್ಟುತ್ತೆ. ನಮ್ಮ ಕಡೆ ಸುಮಾರು ಐದು ಕಿಲೋಮೀಟರ್ ಮೇಲೆ ಹೋದರೆ ವರ್ಷವಿಡೀ ನೀರು ಹೆಪ್ಪುಗಟ್ಟೋ ಚಳಿ. ಮೇಲೇರುವ ಗಾಳಿ ಆ ಐಸ್ ಹರಳನ್ನು ಕೆಳಗೆ ಬೀಳೋಕೆ ಬಿಡಲ್ಲ. ಅದು ಅಲ್ಲೇ ತೇಲುತ್ತಾ ಹನಿಗಳನ್ನು ಅಂಟಿಸಿಕೊಂಡು ದಪ್ಪ ಆಗುತ್ತೆ. ಗಾಳಿ ಹೊರಲಾರದಷ್ಟು ಭಾರ ಆದಾಗ ಬೀಳುತ್ತೆ. ಚಳಿಗಾಲದಲ್ಲಿ ಅಷ್ಟು ಜೋರಾಗಿ ಎತ್ತಿ ಹಿಡಿಯೋ ಗಾಳಿ ಇರಲ್ಲ.

ಮುಂದಿನ ಸಲ ದೊಡ್ಡ ಆಲಿಕಲ್ಲನ್ನು ಕತ್ತರಿಸಿ ನೋಡಿ. ಒಳಗೆ ಬಿಳಿ, ಗಾಜು, ಬಿಳಿ, ಗಾಜು ಅಂತ ಉಂಗುರಗಳು ಕಾಣುತ್ತವೆ.

ಮಾವಿನತೋಪು

ಅದನ್ನು ಕತ್ತರಿಸಿ ನೋಡೋ ಮನಸ್ಸು ನನಗೆ ಬರುತ್ತಾ ಮೇಡಂ? ಆಯ್ತು, ಮಗನಿಗೆ ಹೇಳುತ್ತೇನೆ.

ಹುಣಸೆತೋಪು (ಶನಿವಾರ)

ರಿಪೋರ್ಟ್ ಬಂತು. ಟಿಡಿಎಸ್ 1,820. ಫ್ಲೋರೈಡ್ 2.3. ಇದು ಜಾಸ್ತಿನಾ?

ಕಲ್ಲುಮಂಟಪ

ಲೀಟರಿಗೆ 1.8 ಗ್ರಾಂ ಲವಣ. ಸಮುದ್ರ ಇದರ ಸುಮಾರು 19 ಪಟ್ಟು ಉಪ್ಪು. ಅಮ್ಮನವರ ನಾಲಿಗೆ ಚುರುಕಾಗಿದೆ. ಕುಡಿಯೋಕೆ 500ರ ಒಳಗೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2,000ವರೆಗೆ ಬಿಡುತ್ತಾರೆ.

ಚಿಂತೆ ಇರೋದು ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇದೂ ಕಲ್ಲಿನಿಂದಲೇ ಬರೋದು, ನಮ್ಮ ಗ್ರಾನೈಟ್‌ನ ಗುಣ. ಬಣ್ಣ ಇಲ್ಲ, ರುಚಿ ಇಲ್ಲ, ನಾಲಿಗೆಗೆ ಗೊತ್ತಾಗಲ್ಲ. ಮಕ್ಕಳ ಹಲ್ಲು ಕಂದು ಪಟ್ಟೆ ಬೀಳುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತೆ. ದಯವಿಟ್ಟು ಕುದಿಸಿ ಕುಡಿದರೆ ಆಯ್ತು ಅಂದುಕೊಳ್ಳಬೇಡಿ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಕಡುವಾಗುತ್ತೆ. ಕುಡಿಯೋಕೆ, ಅಡುಗೆಗೆ ಈ ನೀರು ಬೇಡವೇ ಬೇಡ. ಆರ್‌ಒ ನೀರು ತನ್ನಿ, ಇಲ್ಲ ಮಳೆನೀರು ಹಿಡಿಯಿರಿ.

ರಿಗ್‌ಗಾಡಿ

ಬೆಳೆಗೂ ಹುಷಾರು ಅಣ್ಣಾ. ಡ್ರಿಪ್ ತೂತಿಗೆ ಬಿಳೀ ಗಾರೆ ಕಟ್ಟುತ್ತೆ. ಒಂದು ಸೀಸನ್‌ನಲ್ಲೇ ಅರ್ಧ ಸಾಲು ಬಂದ್ ಆಗುತ್ತೆ. ಮಳೆನೀರು ಬೆರೆಸಿ ಬಿಟ್ಟರೆ ವಾಸಿ.

ಹುಣಸೆತೋಪು

ಅದನ್ನೇ ಯೋಚನೆ ಮಾಡಿದೆ. 200 ಅಡಿ ಇಳಿಸೋ ದುಡ್ಡಲ್ಲಿ ಕೃಷಿ ಹೊಂಡ ತೋಡಿಸೋಣ ಅಂತ. ಮೇಡಂ ಹೇಳಿದ 700 ಮಿಲಿಮೀಟರ್ ಹಿಡಿದು ಲೆಕ್ಕ ಹಾಕಿದೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಎಕರೆಗೆ 4,047 ಚದರ ಮೀಟರ್. ವರ್ಷಕ್ಕೆ 28 ಲಕ್ಷ ಲೀಟರ್ ನನ್ನ ಒಂದು ಎಕರೆ ಮೇಲೆ ಬೀಳುತ್ತೆ. 5,000 ಲೀಟರ್ ಟ್ಯಾಂಕರ್ ಆದರೆ 560 ಟ್ಯಾಂಕರ್! ಎಲ್ಲಾ ಹಿಡಿಯೋಕೆ ಆಗಲ್ಲ ಗೊತ್ತು. ಇಂಗುತ್ತೆ, ಆವಿ ಆಗುತ್ತೆ. ಹತ್ತರಲ್ಲಿ ಒಂದು ಪಾಲು ಸಿಕ್ಕರೂ 56 ಟ್ಯಾಂಕರ್. ಮೊನ್ನೆ ಮೊನ್ನೆ ತನಕ ಟ್ಯಾಂಕರ್‌ನವನಿಗೆ ಕೈ ಮುಗಿಯುತ್ತಾ ನಿಂತಿದ್ದೆ.

ಭಾವನಿಗೂ ಹೇಳಿದೆ. ಹೊಂಡ ತೋಡಿಸೋ ಐಡಿಯಾ ತಮ್ಮದೇ ಅಂತ ಈಗ ಊರಲ್ಲೆಲ್ಲಾ ಹೇಳುತ್ತಿದ್ದಾರೆ.

ಕೆಳಗೆ ಹಾಸೋ ಪ್ಲಾಸ್ಟಿಕ್ ಶೀಟು ಎಷ್ಟು ಮೈಕ್ರಾನ್ ತಗೋಬೇಕು? ಯಾರಾದ್ರೂ ಹಾಕಿಸಿದ್ದೀರಾ?

ಮಾವಿನತೋಪು

ನಾವು 500 ಮೈಕ್ರಾನ್ ಹಾಕಿಸಿದ್ದು. ಸುತ್ತ ಬೇಲಿ ಮಾತ್ರ ಮರೆಯಬೇಡಿ. ಶೀಟು ಜಾರುತ್ತೆ, ಮಕ್ಕಳು, ಕರು ಬಿದ್ದರೆ ಹತ್ತೋಕೆ ಆಗಲ್ಲ. ಒಂದು ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟಿರಿ.

ಸುಮ್ನೆ_ಬಂದೆ

ಹೊಂಡ ತುಂಬಿದ ಮೇಲೆ ಮೀನು ಬಿಟ್ಟು ಫೋಟೋ ಹಾಕಣ್ಣ. ಮೊದಲ ದಿನದಿಂದ ಅದನ್ನೇ ಕೇಳ್ತಾ ಇದ್ದೀನಿ.

ಹುಣಸೆತೋಪು

ಕಾಟ್ಲಾ ಬಿಡಲಾ, ರೋಹು ಬಿಡಲಾ?